ಮರಳಿಗೆ ಹಾರಿದ ವಾಲ್ವ್ ಪಿನ್ನು

ಬುಸ್ಸೆಂದು ನುಗ್ಗಿದ ಗಾಳಿಯ ರಭಸಕ್ಕೆ ಟೈರಿನ ವಾಲ್ವ್ ಪಿನ್ನು ನನ್ನ ಕೈತಪ್ಪಿ ಮಂಜೀರಾ ನದಿಯ ಮರಳಿಗೆ ಹಾರಿತು. ಬತ್ತಿದ ನದಿಯನ್ನು ದಾಟುವಾಗ ಜೀಪು ಮರಳಿನಲ್ಲಿ ಹೂತುಕೊಳ್ಳದಿರಲೆಂದು ಗಾಳಿ ಇಳಿಸುತ್ತಿದ್ದೆ. ಸನತ್‌ನಗರದ ಅಂಗಡಿಯವನು ಅಳತೆ ತೋರಿಸುತ್ತ ನಿಧಾನವಾಗಿ ಗಾಳಿ ಬಿಡುವ ಉಪಕರಣವನ್ನೇ ಕೊಳ್ಳಲು ಹೇಳಿದ್ದ. ಬೇಗ ಮುಗಿಯಲೆಂದು ಪಿನ್ನನ್ನೇ ಕಳಚುವ ಸಾಧನ ಆರಿಸಿದವನು ನಾನು.

ಅಷ್ಟರಲ್ಲಿ ಮೇಲಿನ ಅಣೆಕಟ್ಟಿನ ಸೈರನ್ ಕೂಗಿತು. ನೀರು ಬಿಡುತ್ತಿದ್ದರು! ಹಿಂದಿನ ಸೀಟಿನಲ್ಲಿ ಅತ್ತೆ ಕುಳಿತಿದ್ದರು. ಮಂಡಿನೋವಿನಿಂದ ಅವರಿಗೆ ನಾಲ್ಕು ಹೆಜ್ಜೆಯೂ ಕಷ್ಟ. ನಾನು ಹುಚ್ಚನಂತೆ ಮರಳು ಕೆದರಿದೆ. ಹೆಂಡತಿ ಸುಜಾತಾ ಓಡಿಬಂದು ವಾಲ್ವಿನ ಬಾಯಿಗೆ ಹೆಬ್ಬೆರಳು ಒತ್ತಿದಳು.

"ಮರಳಾಗ ಏನ್ ಹುಡುಕ್ತೀರಿ? ಸ್ಟೆಪ್ನಿದು ಬಿಚ್ಚಿ ತರ್ರಿ!"

ಜೀಪಿನ ಹಿಂದಿದ್ದ ಸ್ಟೆಪ್ನಿ ಚಕ್ರದ ಪಿನ್ನು ಬಿಚ್ಚಿ ತಂದೆ. ಅವಳು ಬೆರಳು ತೆಗೆದ ಕ್ಷಣವೇ ಅದನ್ನು ತಿರುಗಿಸಿ ಕೂರಿಸಿದೆ. ಕುಸಿದ ಚಕ್ರದಲ್ಲೇ ಜೀಪು ಓಲಾಡುತ್ತ ದಂಡೆ ಹತ್ತಿತು. ಸ್ವಲ್ಪ ಹೊತ್ತಿಗೆ ನಾವು ನಿಂತಿದ್ದ ಜಾಗದ ಮೇಲೆ ಕೆಂಪು ನೀರು ಹರಿಯಿತು.

ಉಪ್ಪಲ್‌ನ ನಮ್ಮ ಮನೆಯಲ್ಲಿ ಅತ್ತೆ ಮಂಚ ಹಿಡಿದು ಏಳುವುದನ್ನು ಕಂಡಾಗಲೆಲ್ಲ, ಅಂದು ಜೀಪು ಹೊರಡದಿದ್ದರೆ ಅವರನ್ನು ಹೊತ್ತು ಓಡಲು ನನ್ನಿಂದ ಆಗುತ್ತಿತ್ತೇ ಎಂದು ಇಂದಿಗೂ ಎದೆ ಝಲ್ಲೆನ್ನುತ್ತದೆ.