ಮಾರ್ಸೇಲ್ಸ್‌ನ ನೂರೆಂಬತ್ತು ಅಪರಿಚಿತರು

ನಮ್ಮ ಯಜಮಾನರು ಆರು ವಾರ ಫ್ರಾನ್ಸಿನಲ್ಲಿದ್ದು ಮಸ್ಕತ್ತಿಗೆ ವಾಪಸಾದಾಗ ಸೂಟ್‌ಕೇಸಿನಲ್ಲಿ ನನಗೆಂದು ನಾಲ್ಕು ಸಾಬೂನು, ಮಕ್ಕಳಿಗೆಂದು ಎರಡು ಡಬ್ಬಿ ಚಾಕಲೇಟ್ ಇದ್ದವು. ಐದು ಫಿಲ್ಮ್ ರೋಲುಗಳನ್ನು ಮಾತ್ರ ಸೂಟ್‌ಕೇಸಿಗೆ ಹಾಕದೆ ಕೈಚೀಲದಲ್ಲಿ ಹಸುಗೂಸಿನಂತೆ ಎದೆಗವಚಿಕೊಂಡು ತಂದಿದ್ದರು. ರೂವಿಯ ಸ್ಟುಡಿಯೋದಲ್ಲಿ ತೊಳೆಸಿ ತಂದ ಮೇಲೆ ಎಣಿಸಿದೆವು. ನೂರೆಂಬತ್ತು ಫೋಟೊ. ಒಂದರಲ್ಲೂ ಅವರಿರಲಿಲ್ಲ.

"ಇದ್ರಲ್ಲಿ ನೀವೆಲ್ರೀ?" ಎಂದು ಕೇಳಿದೆ.

"ನಾನು ಕ್ಯಾಮೆರಾ ಹಿಂದೆ ಇದ್ದೆ ಕಣೆ," ಎಂದರು, ಇಷ್ಟೂ ತಿಳಿಯದವಳನ್ನು ಕಟ್ಟಿಕೊಂಡೆನಲ್ಲ ಎಂಬ ಮುಖ ಮಾಡಿ.

ಇದು ಎಂಬತ್ತರ ದಶಕದ ಕೊನೆಯ ಮಾತು. ಆಗ ನಾವು ಅಲ್ ಗುಬ್ರಾದ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿದ್ದೆವು. ಗಲ್ಫಿನಲ್ಲಿದ್ದ ನಮ್ಮಂಥವರ ಫೋಟೊಗಳಿಗೆ ಒಂದು ನಿಯಮವಿತ್ತು. ಒಂದು ವಸ್ತು, ಅದರ ಮುಂದೆ ಒಬ್ಬ ಮನುಷ್ಯ. ಕಾರು ಕೊಂಡರೆ ಬಾನೆಟ್ಟಿನ ಮೇಲೆ ಕೈ, ಫ್ರಿಜ್ಜು ಕೊಂಡರೆ ಅದರ ಬಾಗಿಲಿನ ಮೇಲೆ ಕೈ. ಏನೂ ಕೊಳ್ಳದ ತಿಂಗಳಲ್ಲಿ ನಾಲ್ಕು ರಸ್ತೆ ಕೂಡುವಲ್ಲಿನ ಯಾವುದಾದರೂ ರೌಂಡಬೌಟಿನ ಹುಲ್ಲಿನ ಮೇಲೆ ಸಾಲಾಗಿ ನಿಲ್ಲುವುದು. ಆ ಫೋಟೊಗಳು ರಜೆಗೆ ಹೊರಟವರ ಕೈಯಲ್ಲಿ ಮೈಸೂರು ಸೇರುತ್ತಿದ್ದವು. ಅಲ್ಲಿನವರು ನಮ್ಮ ಕೆನ್ನೆಯನ್ನೂ ಬೆನ್ನ ಹಿಂದಿನ ವಸ್ತುವನ್ನೂ ನೋಡಿ, ಸುಖವಾಗಿದ್ದಾರೆ ಎಂದು ತೀರ್ಮಾನ ಕೊಡುತ್ತಿದ್ದರು. ನಮ್ಮ ಯಜಮಾನರು ಈ ವಿದ್ಯೆಯಲ್ಲಿ ಪಳಗಿದವರೇ. ನಾನು ಎಂಟು ವರ್ಷದಲ್ಲಿ ಅವರ ಕ್ಯಾಮೆರಾದ ಎದುರು ಮೂರು ಫ್ರಿಜ್ಜುಗಳ ಪಕ್ಕ ನಿಂತಿದ್ದೇನೆ.

ಅವರು ರುಸೈಲ್‌ನ ಒಂದು ಕಾರ್ಖಾನೆಯಲ್ಲಿ ಪಂಪುಗಳ ಇಂಜಿನಿಯರು. ಆ ಪಂಪುಗಳನ್ನು ಮಾಡುವವರು ಮಾರ್ಸೇಲ್ಸ್ ಎಂಬ ಬಂದರಿನ ಊರಿನಲ್ಲಿದ್ದರಾದ್ದರಿಂದ ತರಬೇತಿಗೆ ಕಳಿಸಿದ್ದರು. ಅಲ್ಲಿ ಒಬ್ಬ ಮುದುಕ ಫೋರ್‌ಮನ್ ಇದ್ದನಂತೆ, ಭಾನುವಾರ ಕ್ಯಾಮೆರಾ ಹಿಡಿದು ಬೀದಿ ಸುತ್ತುವವನು. ಇವರನ್ನೂ ಜೊತೆಗೆ ಕರೆದೊಯ್ದು, ಕಟ್ಟಡದ ಫೋಟೊ ತೆಗೆಯಬೇಡ, ಅದು ನಾಳೆಯೂ ಅಲ್ಲೇ ಇರುತ್ತದೆ, ಜನರದ್ದು ತೆಗೆ ಎಂದನಂತೆ. ಅಷ್ಟು ಸಾಕಾಯಿತು. ಹೋಗುವಾಗ ಪಂಪಿನ ಇಂಜಿನಿಯರು, ಬರುವಾಗ ಕಲಾವಿದರು.

ಸುಳ್ಳು ಯಾಕೆ ಹೇಳಲಿ, ಫೋಟೊಗಳು ಚೆನ್ನಾಗಿದ್ದವು. ಬಂದರಿನ ಕಟ್ಟೆಯ ಮೇಲೆ ಮೀನು ಮಾರುವ ಹೆಂಗಸು ಸೊಂಟಕ್ಕೆ ಕೈಯಿಟ್ಟು ಯಾರಿಗೋ ಛೀಮಾರಿ ಹಾಕುತ್ತಿದ್ದಳು. ಮರದ ನೆರಳಿನಲ್ಲಿ ನಾಲ್ಕು ಜನ ಮುದುಕರು ಕಬ್ಬಿಣದ ಗುಂಡುಗಳನ್ನು ಉರುಳಿಸಿ ಆಡುತ್ತ, ಯಾರ ಗುಂಡು ಹತ್ತಿರ ಎಂದು ಬಗ್ಗಿ ದಾರ ಹಿಡಿದು ಅಳೆಯುತ್ತಿದ್ದರು. ಒಬ್ಬಳು ಮೊಳದುದ್ದದ ಬ್ರೆಡ್ಡನ್ನು, ಮೇಲೊಂದು ಕಾಗದ ಕೂಡ ಸುತ್ತದೆ, ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತುತ್ತಿದ್ದಳು. ನಾನು ಹಾಗೆ ಮನೆಗೆ ಬ್ರೆಡ್ಡು ತಂದಿದ್ದರೆ ನಮ್ಮ ಅತ್ತೆ ಅವತ್ತಿನಿಂದ ನನ್ನ ಕೈಯ ನೀರನ್ನೂ ಕುಡಿಯುತ್ತಿರಲಿಲ್ಲ. ಇಕ್ಕಟ್ಟಾದ ಒಂದು ಓಣಿಯಲ್ಲಿ ಈ ಕಿಟಕಿಯಿಂದ ಆ ಕಿಟಕಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದರು. ಅದಕ್ಕೆ ಐದು ಫೋಟೊ. ನಮ್ಮ ಮನೆಯಲ್ಲೂ ಬಟ್ಟೆ ಒಣಗುತ್ತಿತ್ತು, ಬಚ್ಚಲುಮನೆಯಲ್ಲಿ, ಯಾಕೆಂದರೆ ಬೀದಿಗೆ ಕಾಣುವಂತೆ ಬಾಲ್ಕನಿಯಲ್ಲಿ ಹಾಕಕೂಡದೆಂದು ಕಟ್ಟಡದ ಕಾವಲಿನ ನಾತೂರ್ ಅಪ್ಪಣೆ ಮಾಡಿದ್ದ. ಆ ಬಟ್ಟೆಗಳು ನಮ್ಮ ಕಲಾವಿದರ ಗಮನಕ್ಕೆ ಬಂದದ್ದು ಒದ್ದೆ ಟವೆಲು ಮುಖಕ್ಕೆ ತಾಗಿದಾಗ ಮಾತ್ರ.

ಆದರೆ ನನಗೆ ಚುಚ್ಚಿದ್ದು ಬಟ್ಟೆಯಲ್ಲ. ಆ ಬೀದಿಗಳ ತುಂಬ ಹೆಂಗಸರು ಒಬ್ಬೊಬ್ಬರೇ ನಡೆಯುತ್ತಿದ್ದರು. ಚೀಲ ಹಿಡಿದವರು, ನಾಯಿ ಹಿಡಿದವರು, ಏನೂ ಹಿಡಿಯದೆ ಸುಮ್ಮನೆ ಹೊರಟವರು. ಮೈಸೂರಿನಲ್ಲಿ ನಾನೂ ಹಾಗೇ ಇದ್ದವಳು. ಎರಡು ಕಟ್ಟು ಸೊಪ್ಪಿನ ನೆಪದಲ್ಲಿ ದಿನಾ ಸಂಜೆ ಮಾರ್ಕೆಟ್ಟಿಗೆ ನಡೆದು, ನಾಲ್ಕು ಜನರನ್ನು ಮಾತಾಡಿಸಿ ಬರುತ್ತಿದ್ದೆ. ಗುಬ್ರಾದಲ್ಲಿ ಕಟ್ಟಡದ ಗೇಟು ದಾಟಿದರೆ ದೊಡ್ಡ ರಸ್ತೆ, ರಸ್ತೆ ದಾಟಿದರೆ ಇನ್ನೊಂದು ಕಟ್ಟಡ, ನಡುವೆ ಬಿಸಿಲು. ಎಲ್ಲಿಗೆ ಹೋಗುವುದಾದರೂ ಕಾರೇ ಬೇಕು. ಕಾರು ಬೆಳಿಗ್ಗೆ ಆರೂವರೆಗೆ ಯಜಮಾನರ ಜೊತೆ ರುಸೈಲಿಗೆ ಹೋಗುತ್ತಿತ್ತು, ಶುಕ್ರವಾರ ನಮ್ಮನ್ನೆಲ್ಲ ಹೇರಿಕೊಂಡು ಅಜೈಬಾದ ಅಂಗಡಿಗೆ ಹೋಗುತ್ತಿತ್ತು. ಕೊತ್ತಂಬರಿ ಸೊಪ್ಪು ಮರೆತೆನೆಂದು ಶನಿವಾರ ನೆನಪಾದರೆ ಆ ವಾರದ ಸಾರಿಗೆ ಕೊತ್ತಂಬರಿ ಇಲ್ಲ.

ಡ್ರೈವಿಂಗ್ ಕಲಿಯಲು ಗಂಡನ ಒಪ್ಪಿಗೆ ಪತ್ರ ಬೇಕಿತ್ತು. ಎದುರು ಫ್ಲಾಟಿನಲ್ಲಿ ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್ ಹೆಂಗಸೊಬ್ಬರಿದ್ದರು. ಒಂದು ಆಫೀಸಿನಲ್ಲಿ ಸೆಕ್ರೆಟರಿ, ತಮ್ಮ ಕಾರು ತಾವೇ ಓಡಿಸುವವರು. ಅವರೇ ಆ ಪತ್ರವನ್ನು ಟೈಪ್ ಮಾಡಿ ತಂದುಕೊಟ್ಟಿದ್ದರು. ಎರಡು ವರ್ಷದಿಂದ ಅದು ನಮ್ಮ ಫ್ರಿಜ್ಜಿನ ಮೇಲೆ ಇತ್ತು, ಸಹಿಯೊಂದು ಬಾಕಿ. ಬೇಸಿಗೆಯಲ್ಲಿ ಕೇಳಿದರೆ ಚಳಿಗಾಲ ಬರಲಿ ಎನ್ನುವರು. ಚಳಿಗಾಲದಲ್ಲಿ ಕೇಳಿದರೆ ರಂಜಾನ್ ಮುಗಿಯಲಿ ಎನ್ನುವರು. ಯಾವುದೂ ಇಲ್ಲದಿದ್ದರೆ, "ಇಲ್ಲಿನ ರೌಂಡಬೌಟು ಹೆಂಗಸ್ರಿಗೆ ಕಷ್ಟ ಕಣೆ."

ಮುಂದಿನ ಶುಕ್ರವಾರ ಸಂಜೆ ನಾಲ್ಕು ಮನೆಯವರನ್ನು ಫೋಟೊ ನೋಡಲು ಕರೆದರು. ನಾನು ಅಡುಗೆಮನೆಯಲ್ಲಿ ಬೋಂಡಾ ಕರಿಯುತ್ತಿದ್ದೆ. ಬಂದವರೊಬ್ಬರು, "ಐಫೆಲ್ ಟವರ್ ಎಲ್ಲಿ ಸಾರ್?" ಎಂದರು. ಅದು ಪ್ಯಾರಿಸ್ಸಿನಲ್ಲಿದೆ ಎಂದು ತಿಳಿದ ಮೇಲೆ ಅಷ್ಟು ದೂರ ಹೋಗಿಯೂ ಹೀಗಾಯಿತಲ್ಲ ಎಂದು ಮರುಗಿದರು. ನಮ್ಮ ದೊಡ್ಡ ಮಗಳು, "ಡ್ಯಾಡಿ, ನೋಬಡಿ ಇಸ್ ಸ್ಮೈಲಿಂಗ್," ಎಂದಳು. ಇಂಥ ರಸಿಕರ ನಡುವೆಯೂ ಇವರ ವ್ಯಾಖ್ಯಾನ ನಿಲ್ಲಲಿಲ್ಲ.

"ನೋಡಿ, ಇದು ಲೈಫ್ ಅಂದ್ರೆ. ಎಲ್ರೂ ಬೀದೀಲಿ. ಹೆಂಗಸ್ರನ್ನೇ ನೋಡಿ, ಎಷ್ಟು ಆರಾಮಾಗಿ ಓಡಾಡ್ಕೊಂಡಿದ್ದಾರೆ. ನಮ್ಮೋರಿಗೆ ಎಲ್ಲಿ ಬರಬೇಕು ಇದು."

ನನ್ನ ಕೈಯ ಜಾಲರಿ ಎಣ್ಣೆಯ ಮೇಲೆ ಹಾಗೇ ನಿಂತಿತು. ಒಂದು ಒಬ್ಬೆ ಬೋಂಡಾ ಕಪ್ಪಾಯಿತು. ಅದನ್ನು ಅವರ ತಟ್ಟೆಗೇ ಬಡಿಸಿದೆ. ಅವರು ಮಾತಿನ ಭರದಲ್ಲಿ ಅಷ್ಟನ್ನೂ ತಿಂದರು.

ಆ ವರ್ಷದ ರಾಜ್ಯೋತ್ಸವಕ್ಕೆ ಕನ್ನಡಿಗರೆಲ್ಲ ಒಂದು ಶಾಲೆಯ ಹಾಲಿನಲ್ಲಿ ಸೇರುವುದಿತ್ತು. ಗೋಡೆ ಖಾಲಿ ಕಾಣುತ್ತದೆಂದೋ ಏನೋ, ಏರ್ಪಾಡು ಮಾಡುವವರು ಇವರ ಇಪ್ಪತ್ತನಾಲ್ಕು ಫೋಟೊಗಳನ್ನು ದೊಡ್ಡದು ಮಾಡಿಸಿ ತೂಗುಹಾಕಲು ಒಪ್ಪಿದರು. ಪ್ರತಿ ಫೋಟೊದ ಕೆಳಗೆ ಒಂದು ಚೀಟಿ ಬೇಕು. ಚೀಟಿ ಎಂದರೆ ನಾನು. ನನ್ನ ಅಕ್ಷರ ದುಂಡಗಿದೆಯೆಂದು ಎಂಟು ವರ್ಷದಿಂದ "ಚಪ್ಪಲಿ ಇಲ್ಲಿ ಬಿಡಿ", "ಮಕ್ಕಳಿಗೆ ಮೊದಲ ಪಂಕ್ತಿ" ಮುಂತಾದ ಸಾಹಿತ್ಯವನ್ನೆಲ್ಲ ನಾನೇ ರಚಿಸುತ್ತಿದ್ದೆ. ಇವರು ಒಂದು ಪಟ್ಟಿ ಕೊಟ್ಟರು. ಮುಂಜಾವಿನ ಮೌನ, ಬದುಕಿನ ಹೆಜ್ಜೆ, ಕಾಲದ ನೆರಳು, ಹೀಗೇ ಇಪ್ಪತ್ತನಾಲ್ಕು.

"ಇದ್ದ ಹಾಗೇ ಬರಿ. ನಿಂದೇನೂ ಸೇರಿಸ್ಬೇಡ," ಎಂದರು.

ಆ ಎರಡನೆಯ ಮಾತು ಹೇಳದೆ ಇದ್ದಿದ್ದರೆ ಬಹುಶಃ ಹಾಗೇ ಬರೆಯುತ್ತಿದ್ದೆ.

ಬಟ್ಟೆಯ ಹಗ್ಗದ ಕೆಳಗೆ ಬರೆದೆ: "ಓಣಿಯಲ್ಲಿ ಬಟ್ಟೆ ಒಣಗುತ್ತಿದೆ. ಛಾಯಾಗ್ರಾಹಕರ ಬಟ್ಟೆಗಳು ಬಚ್ಚಲುಮನೆಯಲ್ಲಿ ಒಣಗುತ್ತಿರುವುದರಿಂದ ಅವುಗಳ ಚಿತ್ರ ಲಭ್ಯವಿಲ್ಲ." ಮೆಟ್ಟಿಲು ಹತ್ತುವವಳ ಕೆಳಗೆ: "ಬ್ರೆಡ್ಡು ಮುಗಿದಿತ್ತು. ಹೋಗಿ ತಂದಳು. ಶುಕ್ರವಾರದ ತನಕ ಕಾಯಲಿಲ್ಲ." ಒಬ್ಬ ಅಜ್ಜಿ ಮತ್ತು ನಾಯಿ: "ವಯಸ್ಸು ಎಂಬತ್ತಿರಬಹುದು. ಹೊರಗೆ ಹೊರಡಲು ಈ ನಾಯಿಯ ಒಪ್ಪಿಗೆ ಇದ್ದರೆ ಸಾಕು." ಗುಂಡಾಡುವ ಮುದುಕರು: "ಇವರ ಹೆಂಡತಿಯರು ಎಲ್ಲಿದ್ದಾರೆಂದು ಇವರಿಗೆ ಗೊತ್ತಿಲ್ಲ. ಆದರೂ ಆಟ ನಡೆದಿದೆ."

ಕೊನೆಯ ಫೋಟೊದಲ್ಲಿ ಒಬ್ಬ ಹೆಂಗಸು ರಸ್ತೆಯ ಅಂಚಿನಲ್ಲಿ ಚೀಲ ಹಿಡಿದು, ದಾಟಲು ಕಾಯುತ್ತ ನಿಂತಿದ್ದಳು. ಅದಕ್ಕೆ ಏನಾದರೂ ಚುರುಕಾಗಿ ಬರೆಯೋಣವೆಂದು ಬಹಳ ಹೊತ್ತು ಕುಳಿತೆ. ಆಗಲಿಲ್ಲ. ಮನಸ್ಸಿನಲ್ಲಿದ್ದದ್ದನ್ನೇ ಬರೆದುಬಿಟ್ಟೆ: "ಈಕೆಗೆ ನನ್ನಷ್ಟೇ ವಯಸ್ಸು. ಎಲ್ಲಿಗೆ ಹೊರಟಿದ್ದಾಳೋ ತಿಳಿಯದು. ನನಗೆ ಈಕೆಯ ಮೇಲೆ ಹೊಟ್ಟೆಕಿಚ್ಚು."

ಹಾಲಿನಲ್ಲಿ ಮೊಳೆ, ದಾರ ಎಂದು ಓಡಾಡುತ್ತಿದ್ದ ಇವರಿಗೆ ಚೀಟಿ ಓದಲು ಪುರಸೊತ್ತಾಗಲಿಲ್ಲ. ಆಮೇಲೆ ಗೋಡೆಗೆ ಬೆನ್ನು ಹಾಕಿ, ಬಂದವರ ಹೊಗಳಿಕೆ ಸ್ವೀಕರಿಸಲು ನಿಂತರು. ಹಿಂದೆ ಜನ ನಗುತ್ತಿದ್ದರು. ಕಲೆ ಜನರಿಗೆ ಸಂತೋಷ ಕೊಡುತ್ತಿದೆಯೆಂದು ಇವರೂ ನಕ್ಕರು. ಊಟದ ಸಾಲಿನಲ್ಲಿದ್ದ ಹೆಂಗಸರು ಒಬ್ಬೊಬ್ಬರಾಗಿ ಸಾಲು ಬಿಟ್ಟು ಗೋಡೆಯ ಹತ್ತಿರ ಬಂದರು. ಬಿಸಿಬೇಳೆಬಾತಿನ ಸಾಲನ್ನು ನಮ್ಮವರು ಹಾಗೆ ಬಿಟ್ಟುಕೊಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ಎದುರು ಫ್ಲಾಟಿನ ಸೆಕ್ರೆಟರಿ ಎಲ್ಲರಿಗೂ ಕೇಳುವಂತೆ ಒಂದೊಂದನ್ನೇ ಓದಿ, "ಎಂತ ಮಾರಾಯ್ರೆ, ಇದು ಫ್ರಾನ್ಸಿನ ಫೋಟೊವಾ, ಗುಬ್ರಾದ್ದಾ?" ಎಂದರು.

ಕೊನೆಗೆ ಹಿರಿಯರೊಬ್ಬರು ಇವರ ಕೈ ಕುಲುಕಿ, "ಫೋಟೊಗಿಂತ ಬರಹ ಚೆನ್ನಾಗಿದೆ," ಎಂದರು. ಆಗ ತಿರುಗಿದರು. ಇಪ್ಪತ್ತನಾಲ್ಕನ್ನೂ ಓದಿದರು. ಕಿವಿ ಕೆಂಪಗಾಗುವುದು ದೂರದಲ್ಲಿದ್ದ ನನಗೂ ಕಾಣುತ್ತಿತ್ತು. ಕೊನೆಯ ಚೀಟಿಯ ಮುಂದೆ ಬಹಳ ಹೊತ್ತು ನಿಂತರು. ನನಗೆ ಭಯವಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ನಗಿಸಿದ ಧೈರ್ಯವೆಲ್ಲ ಆ ಒಂದು ಚೀಟಿಯ ಹತ್ತಿರ ಬಂದಾಗ ನನ್ನಲ್ಲಿ ಉಳಿದಿರಲಿಲ್ಲ.

ಕಾರಿನಲ್ಲಿ ಹೊರಟು ಅಜೈಬಾ ದಾಟಿದೆವು. ಆಮೇಲೆ, "ಎಲ್ಲರ ಮುಂದೆ ನನ್ನ ಮಾನ ತೆಗೆದೆ," ಎಂದರು.

"ಫೋಟೊ ಚೆನ್ನಾಗಿದೆ ಅಂತ ಎಲ್ರೂ ಅಂದ್ರಲ್ಲ."

"ನೇರವಾಗಿ ಹೇಳಬಹುದಿತ್ತು."

"ಎರಡು ವರ್ಷದಿಂದ ಫ್ರಿಜ್ ಮೇಲೆ ಇಟ್ಟು ಹೇಳ್ತಾನೇ ಇದೀನಿ ರೀ."

ಅವರು ತಿರುಗಬೇಕಾದ ದಾರಿ ತಪ್ಪಿ ರೌಂಡಬೌಟನ್ನು ಇನ್ನೊಂದು ಸುತ್ತು ಹಾಕಿದರು. ಇಲ್ಲಿನ ರೌಂಡಬೌಟು ಗಂಡಸರಿಗೂ ಕಷ್ಟವೇ ಎಂದು ಅವತ್ತು ತಿಳಿಯಿತು. ಕಾರು ನಿಲ್ಲಿಸಿದ ಮೇಲೆ ಇಳಿಯದೆ, "ಆ ಕೊನೇ ಫೋಟೊ ತೆಗೆಯೋವಾಗ ಬೆಳಕು ಮಾತ್ರ ನೋಡಿದೆ ಕಣೆ. ಅವಳು ಎಲ್ಲಿಗೆ ಹೋಗ್ತಿರಬಹುದು ಅಂತ ನಂಗೆ ಹೊಳೀಲೇ ಇಲ್ಲ," ಎಂದರು. ಬೆಳಿಗ್ಗೆ ನಾನು ಏಳುವ ಮೊದಲೇ ಪತ್ರಕ್ಕೆ ಸಹಿಯಾಗಿತ್ತು.

ಅಲ್ಲಿಂದ ನೇರವಾಗಿ ಸ್ವಾತಂತ್ರ್ಯ ಸಿಕ್ಕಿತೆಂದು ತಿಳಿಯಬೇಡಿ. ಡ್ರಮ್ಮುಗಳ ನಡುವೆ ಕಾರನ್ನು ಹಿಂದಕ್ಕೆ ನಡೆಸುವ ಪರೀಕ್ಷೆಯಲ್ಲಿ ಎರಡು ಸಲ ಡ್ರಮ್ಮು ಬೀಳಿಸಿದೆ. ಎರಡು ಸಲವೂ ಪೊಲೀಸ್ ಅಧಿಕಾರಿ ಬಹಳ ಮರ್ಯಾದೆಯಿಂದ "ಖಲಾಸ್, ಮೇಡಮ್" ಎಂದು ಇಳಿಸಿ ಕಳಿಸಿದರು. ಮೂರನೆಯ ಸಲ ಪಾಸಾಯಿತು. ಯಜಮಾನರು ಕಾರ್ಖಾನೆಯ ಬಸ್ಸಿಗೆ ಹೋಗತೊಡಗಿದರು. ಕಾರು ನನಗೆ ಬಿತ್ತು, ಕಾರಿನ ಜೊತೆ ಕಾರಿನ ಕೆಲಸಗಳೂ ಬಿದ್ದವು. ಗ್ಯಾಸ್ ಸಿಲಿಂಡರು, ಮಕ್ಕಳ ಹಲ್ಲಿನ ಡಾಕ್ಟರು, ಪಾಸ್‌ಪೋರ್ಟಿನ ಕಚೇರಿ, ಸೀಬ್ ವಿಮಾನ ನಿಲ್ದಾಣಕ್ಕೆ ಬಂದಿಳಿಯುವ ಊರಿನವರೆಲ್ಲರೂ. ರೌಂಡಬೌಟು ಹೆಂಗಸರಿಗೆ ಕಷ್ಟ ಎಂಬ ಮಾತು ಆ ಮನೆಯಲ್ಲಿ ಮತ್ತೆ ಕೇಳಿಬರಲಿಲ್ಲ. ಕಿಟಕಿ ಏರಿಸಿ ಏಸಿ ಹಾಕಿಕೊಂಡು ಆರು ತಿಂಗಳು ಓಡಾಡಿದ ಮೇಲೆ, ದೊಡ್ಡ ಫ್ಲಾಟಿನಿಂದ ಇಳಿದು ಚಿಕ್ಕ ಫ್ಲಾಟಿಗೆ ಹತ್ತಿದ್ದೇನಷ್ಟೆ ಎಂದು ನನಗೇ ಅನ್ನಿಸಿತು.

ಒಂದು ಬೆಳಿಗ್ಗೆ ಅವರ ಪ್ಯಾಂಟುಗಳನ್ನು ಬಂದರಿನ ಪಕ್ಕದ ಹಳೇ ಪೇಟೆ ಮತ್ರಾದ ದರ್ಜಿಗೆ ಕೊಡಬೇಕಿತ್ತು. ಕಾರನ್ನು ಸಮುದ್ರದ ಕಡೆ ನಿಲ್ಲಿಸಿ ಇಳಿದೆ. ಪ್ಯಾಂಟುಗಳ ಚೀಲವನ್ನು ಎತ್ತಿಕೊಳ್ಳಲು ಬಗ್ಗಿದವಳು ಯಾಕೋ ಅದನ್ನು ಸೀಟಿನ ಮೇಲೆ ಬಿಟ್ಟು, ಬಾಗಿಲು ಹಾಕಿ, ಬಜಾರಿನೊಳಕ್ಕೆ ನಡೆದೆ. ಒಳಗೆ ಜನ. ಧೂಪದ ಹೊಗೆ, ಮೀನಿನ ವಾಸನೆ, ಬಟ್ಟೆಯ ಅಂಗಡಿಯವರ ಕೂಗು. ಯಾರೋ ಭುಜಕ್ಕೆ ತಾಗಿಕೊಂಡು ಹೋದರು. ನಾನೂ ಯಾರಿಗೋ ತಾಗಿದೆ. ಒಮ್ಮೆ ಆ ತುದಿಗೆ ಹೋಗಿ ವಾಪಸು ಬಂದೆ, ಮತ್ತೆ ಹೋದೆ. ನನಗೆ ಕೊಳ್ಳುವುದು ಏನೂ ಇರಲಿಲ್ಲ.

ಓಣಿಯ ಮೂಲೆಯಲ್ಲಿ ಒಮಾನಿ ಅಜ್ಜಿಯೊಬ್ಬಳು ನನ್ನ ತೋಳು ಹಿಡಿದು ನಿಲ್ಲಿಸಿದಳು. ಆ ದೇಶದ ಹಳಬರಿಗೆ ಬರುವ ಹಿಂದಿಯಲ್ಲಿ, "ಬೇಟಿ, ದವಾಖಾನಾ ಕಿಧರ್ ಹೈ?" ಎಂದು ಕೇಳಿದಳು.

ದವಾಖಾನೆ ಎಲ್ಲಿದೆಯೆಂದು ನನಗೇನು ಗೊತ್ತು. ಆದರೆ ಮಸ್ಕತ್ತಿಗೆ ಬಂದಾಗಿನಿಂದ ಅವತ್ತಿನವರೆಗೆ ಯಾರೂ ನನ್ನನ್ನು ದಾರಿ ಕೇಳಿರಲಿಲ್ಲ. ದಾರಿ ಕೇಳುವುದು ಬೀದಿಯಲ್ಲಿ ಇರುವವರನ್ನು. ಗೊತ್ತಿಲ್ಲ ಎನ್ನಲು ಮನಸ್ಸೇ ಬರಲಿಲ್ಲ. ಬನ್ನಿ ಎಂದು ಆಕೆಯ ಕೈ ಹಿಡಿದು ಹೊರಟೆ. ಇಬ್ಬರೂ ಸೇರಿ ಮೂರು ತಪ್ಪು ಓಣಿಗಳನ್ನು ಸುತ್ತಿದೆವು. ನಾನು ಅವಸರ ಮಾಡಲಿಲ್ಲ.