ಗಡ್ಡ ಬೋಳಿಸಿಕೊಂಡ ಮೂರನೇ ತಂತಿ

ಹೋದ ಭಾನುವಾರ ಭದ್ರಾವತಿಯ ಅಮ್ಮನ ಮನೆಯಲ್ಲಿ ನನ್ನ ಸೆರಗಿನ ಪಿನ್ನು ತೆಗೆದು ಗಿಟಾರಿಗೆ ಹಾಕಿದೆ.

ತಪ್ಪು ತಿಳಿಯಬೇಡಿ. ಅದು ವಿಜ್ಞಾನ.

ನನ್ನ ತಮ್ಮ ಮಂಜ ಹಗಲು ಒಂದು ಫೌಂಡ್ರಿಯಲ್ಲಿ ಕ್ರೇನ್ ಆಪರೇಟರ್. ಸಂಜೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್. ಅದಕ್ಕೆ ಇರುವುದು ನಾಲ್ಕೇ ತಂತಿ, ಒದ್ದೆ ಬೆಡ್‌ಶೀಟ್ ಒಣಹಾಕಬಹುದಾದಷ್ಟು ದಪ್ಪ. ಗುಂ ಗುಂ ಅನ್ನುತ್ತದೆ, ಅಷ್ಟೇ. ಹಾಡುವವರಿಗೆ ಹೂವಿನ ಹಾರ, ಕೀಬೋರ್ಡಿನವನಿಗೆ ಕಲರ್ ಲೈಟು, ನಮ್ಮ ಮಂಜನಿಗೆ ಸ್ಪೀಕರಿನ ಹಿಂದೆ ಒಂದು ಜಾಗ.

ಆ ಜಾಗಕ್ಕೂ ಈಗ ಕುತ್ತು ಬಂದಿತ್ತು. ಮೂರನೇ ತಂತಿ ಮೀಟಿದರೆ ದಿಂಬಿನೊಳಗಿಂದ ಮಾತಾಡಿದ ಹಾಗೆ ಸದ್ದು. ತಂತಿ ಬದಲಾಯಿಸಿದ. ವೈರು ಬದಲಾಯಿಸಿದ. ಆಂಪ್ಲಿಫೈಯರೂ ಬೇರೆ ತಂದು ನೋಡಿದ. ಊಹೂಂ.

ತಂಡದ ಯಜಮಾನ ಸೆಲ್ವಂ ಮಾಸ್ಟರ್ ತೀರ್ಪು ಕೊಟ್ಟೇಬಿಟ್ಟಿದ್ದರು. "ಎಲ್ಲಾ ಹೊಸದು ಹಾಕಾಯ್ತಪ್ಪಾ. ಹಳೇದು ಅಂದ್ರೆ ನಿನ್ನ ಬೆರಳೊಂದೇ. ಕಬ್ಬಿಣ ಹಿಡಿದೂ ಹಿಡಿದೂ ಮರಗಟ್ಟಿದೆ."

ಅವರ ಹೊಸ ಕೀಬೋರ್ಡಿನಲ್ಲಿ ಒಂದು ಬಟನ್ ಇದೆಯಂತೆ. ಒತ್ತಿದರೆ ಬೇಸೂ ಅದೇ ಬಾರಿಸುತ್ತದಂತೆ. ಭಾನುವಾರ ಸಂಜೆ ಶಿವಮೊಗ್ಗದಲ್ಲಿ ಒಂದು ರಿಸೆಪ್ಶನ್. ಅಲ್ಲಿಯೂ ಮೂರನೇ ತಂತಿ ಬಾಯಿ ಬಿಡದಿದ್ದರೆ ಮುಂದಿನ ಪ್ರೋಗ್ರಾಮಿನಿಂದ ಮಂಜನ ಬದಲು ಬಟನ್ನು.

ನಾನು ಹೋದಾಗ ಮಂಜ ಅಮ್ಮನ ಕೋಳಿಸಾರು ಮುಟ್ಟದೆ ಕೂತಿದ್ದ. ಮಂಜ ಕೋಳಿಸಾರು ಬಿಟ್ಟನೆಂದರೆ ವಿಷಯ ಎಷ್ಟು ಸೀರಿಯಸ್ ಎಂದು ನಮ್ಮ ಬೀದಿಗೇ ಗೊತ್ತಾಗುತ್ತದೆ.

"ನೀನು ಬಿಎಸ್ಸಿ ಅಲ್ವೇನೆ?" ಅಂದಳು ಅಮ್ಮ. "ಫಿಸಿಕ್ಸು ಫಿಸಿಕ್ಸು ಅಂತಿದ್ದಲ್ಲ, ಅದೇನು ಅಂತ ಸ್ವಲ್ಪ ನೋಡೇ."

(ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲ ತಲೆ ನನ್ನದು. ಈ ಅಂಕಣದಲ್ಲಿ ಇದನ್ನು ಮೊದಲೂ ಹೇಳಿದ್ದೇನೆ, ಇನ್ನೂ ಹೇಳುತ್ತೇನೆ. ಶಿವಮೊಗ್ಗದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ಓದಿ ಪಾಸಾದವಳು ನಾನು. ಇವತ್ತು ಹೈಸ್ಕೂಲಿನಲ್ಲಿ ಸೈನ್ಸ್ ಟೀಚರ್. ಸುಮ್ಮನೆ ಬಂದದ್ದಲ್ಲ ಸ್ವಾಮಿ.)

ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡೆ. ತಂತಿಗಳ ಕೆಳಗೆ ಕಪ್ಪು ಪಟ್ಟಿ. ಅದು ಪಿಕಪ್ಪು, ಗಿಟಾರಿನ ಕಿವಿ. ಅದರಲ್ಲಿ ಪ್ರತಿ ತಂತಿಯ ಕೆಳಗೂ ಮೊಳೆಯ ತಲೆಯಂಥ ಎರಡೆರಡು ಪುಟ್ಟ ಗುಬುಟು, ಇವರ ಭಾಷೆಯಲ್ಲಿ ಪೋಲ್ ಪೀಸು. ಒಂದೊಂದೂ ಅಯಸ್ಕಾಂತ. ಸುತ್ತ ಕೂದಲಿನಂಥ ತಾಮ್ರದ ತಂತಿ ಸುತ್ತಿರುತ್ತಾರೆ. ಮೇಲೆ ಉಕ್ಕಿನ ತಂತಿ ನಡುಗಿದರೆ ಒಳಗೆ ಕರೆಂಟು ಹುಟ್ಟಬೇಕು. ಹತ್ತನೇ ಕ್ಲಾಸಿನವರಿಗೆ ಬೋರ್ಡಿನ ಮೇಲೆ ನಾನೇ ಬರೆದುಕೊಡುವ ಪಾಠ, ನಮ್ಮ ಮನೆಯ ಗೋಡೆಗೇ ನೇತುಬಿದ್ದಿತ್ತು!

ಆಗ ಕಣ್ಣಿಗೆ ಬಿತ್ತು. ಎಲ್ಲಾ ಗುಬುಟುಗಳಿಗೂ ಕಪ್ಪು ಗಡ್ಡ ಬೆಳೆದಿದೆ, ಕಬ್ಬಿಣದ ಧೂಳು. (ಫೌಂಡ್ರಿಯಿಂದ ಬಂದ ಮಂಜನ ಅಂಗಿಯಿಂದ ಉದುರುವುದು. ನಮ್ಮ ಮನೆಯ ಉಪ್ಪಿನ ಡಬ್ಬಿಯಲ್ಲೂ ಸಿಗುತ್ತದೆ.) ಮೂರನೇ ತಂತಿಯ ಎರಡು ಮಾತ್ರ ನುಣ್ಣಗೆ, ಶೇವಿಂಗ್ ಮಾಡಿಸಿಕೊಂಡ ಮದುಮಗನ ಹಾಗೆ.

"ಇವೆರಡು ಯಾಕೋ ಇಷ್ಟು ಕ್ಲೀನು?"

ಮಂಜನ ಮುಖ ಅರಳಿತು. "ಅಲ್ಲಿ ಧೂಳು ಜಾಸ್ತಿ ಕಟ್ಟಿತ್ತಕ್ಕ. ಹೋದ ತಿಂಗಳು ತೆಗ್ದೆ. ಎಷ್ಟು ನೀಟಾಗಿದೆ ನೋಡು, ಮತ್ತೆ ಕೂತೇ ಇಲ್ಲ!"

"ಯಾವುದ್ರಲ್ಲಿ ತೆಗ್ದೆ? ಬ್ರಶ್ಶಾ?"

"ಬ್ರಶ್ಶು ಯಾವನಿಗ್ ಬೇಕು ಮಾರಾಯ್ತಿ? ಮ್ಯಾಗ್ನೆಟ್ಟು!"

ಒಳಗಿನಿಂದ ತಂದು ತೋರಿಸಿದ. ಹಾಳಾದ ದೊಡ್ಡ ಸ್ಪೀಕರಿನಿಂದ ಕಿತ್ತ, ರಾಗಿರೊಟ್ಟಿ ಗಾತ್ರದ ಅಯಸ್ಕಾಂತ. ಫೌಂಡ್ರಿಯಲ್ಲಿ ಇವನ ಕ್ರೇನು ಗುಜರಿಯನ್ನು ಎತ್ತುವುದೂ ಮ್ಯಾಗ್ನೆಟ್ಟಿನಿಂದಲೇ. ಲಾರಿಗಟ್ಟಲೆ ಕಬ್ಬಿಣ ಎತ್ತುವವನಿಗೆ ಚಿಟಿಕೆ ಧೂಳು ಯಾವ ಲೆಕ್ಕ? ಉಜ್ಜಿದ್ದಾನೆ. ಧೂಳು ಬಂದಿದೆ. ಜೊತೆಗೆ ಆ ಎರಡು ಗುಬುಟುಗಳ ಅಯಸ್ಕಾಂತದ ಸತ್ವವೂ ಹೋಗಿದೆ.

ಪುರಾವೆ ಬೇಡವೇ? ಸೆರಗಿನ ಪಿನ್ನು ಬಿಚ್ಚಿದೆ. ತಂತಿಗಳನ್ನು ಸಡಿಲಿಸಿ, ಮಂಜನ ಕೈಲಿ ಗಿಟಾರನ್ನು ಬೋರಲು ಹಿಡಿಸಿ, ಒಂದೊಂದೇ ಗುಬುಟಿಗೆ ಪಿನ್ನು ಮುಟ್ಟಿಸಿದೆ. ಬಾವಲಿಯ ಹಾಗೆ ಜೋತುಬಿತ್ತು. ಇನ್ನೊಂದಕ್ಕೂ ಜೋತುಬಿತ್ತು. ಮೂರನೇ ತಂತಿಯದಕ್ಕೆ ಮುಟ್ಟಿಸಿದೆ. ಟಣ್ ಎಂದು ಕೋಳಿಸಾರಿನ ತಟ್ಟೆಗೆ!

ನಾನು ಕುಣಿದೆ. ನಿಜವಾಗಲೂ ಕುಣಿದೆ.

"ಬೆರಳು ಸರಿಯಾಗಿದೆ ಕಣೋ! ಸತ್ತಿರೋದು ಇದು!"

"ಸೆರಗು ನೋಡ್ಕಳೇ ಮೇಡಮ್ಮು," ಅಂದಳು ಅಮ್ಮ.

ಇನ್ನು ಚಿಕಿತ್ಸೆ. ಕಳ್ಳನನ್ನೇ ಕಾವಲಿಗೆ ಹಾಕಿದೆ, ಅದೇ ರೊಟ್ಟಿ ಮ್ಯಾಗ್ನೆಟ್ಟು. ಆದರೆ ಯಾವ ಮುಖ ಒತ್ತಬೇಕು? ತಪ್ಪಿದರೆ ಮೂರನೇ ತಂತಿ ಇನ್ನೂ ಕೆಡುತ್ತದೆ. ಅಮ್ಮನ ಹೊಲಿಗೆ ಸೂಜಿಯನ್ನು ಮ್ಯಾಗ್ನೆಟ್ಟಿಗೆ ಒಂದೇ ದಿಕ್ಕಿಗೆ ಉಜ್ಜಿ, ನಡುವಿಗೆ ದಾರ ಕಟ್ಟಿ ತೂಗುಬಿಟ್ಟೆ. ಆರೋಗ್ಯವಂತ ಗುಬುಟುಗಳ ಕಡೆ ಸೂಜಿಯ ಮೊನೆ ಓಡಿತು. ಒತ್ತಿದ ಜಾಗದಲ್ಲಿ ಹುಟ್ಟುವುದು ಎದುರು ಧ್ರುವ. ಹಾಗಾಗಿ ನನಗೆ ಬೇಕಾದದ್ದು ಮೊನೆಯನ್ನಲ್ಲ, ಸೂಜಿಯ ಕಣ್ಣನ್ನು ಎಳೆಯುವ ಮುಖ. ಅಕ್ಕಪಕ್ಕದವಕ್ಕೆ ತಾಗದಿರಲೆಂದು ಆ ಮುಖಕ್ಕೆ ಉದ್ದನೆಯ ಬೋಲ್ಟೊಂದನ್ನು ಅಂಟಿಸಿ, ಅದರ ತುದಿಯನ್ನು ಮಾತ್ರ ಸತ್ತ ಎರಡು ಗುಬುಟುಗಳಿಗೆ ಒಂದೊಂದಾಗಿ ಒತ್ತಿ, ನೇರ ಮೇಲಕ್ಕೆ ಎತ್ತಿದೆ.

ಮತ್ತೆ ಪಿನ್ನು. ಜೋತುಬಿತ್ತು! ಪಕ್ಕದವಷ್ಟು ಗಟ್ಟಿಯಾಗಿ ಅಲ್ಲ, ಕಾಯಿಲೆಯಿಂದ ಎದ್ದವರ ಹಿಡಿತ. ಆದರೂ ಬೀಳಲಿಲ್ಲ. ಮಂಜ ಪಿನ್ನನ್ನೇ ನೋಡುತ್ತ ಮೂರು ತುತ್ತು ಅನ್ನ ನುಂಗಿದ.

ಸಂಜೆ ತಂಡದ ಟೆಂಪೋದಲ್ಲಿ ನಾನೂ ಹತ್ತಿದೆ. ಅಮ್ಮನೂ ಹತ್ತಿಬಿಟ್ಟಳು. (ಮದುವೆ ಯಾರದ್ದೆಂದು ನಮಗೆ ಇಂದಿಗೂ ಗೊತ್ತಿಲ್ಲ. ಊಟ ಚೆನ್ನಾಗಿತ್ತು.) ಪ್ರೋಗ್ರಾಮಿಗೆ ಮೊದಲು ಸೆಲ್ವಂ ಮಾಸ್ಟರ್ ಕೈಕಟ್ಟಿ ನಿಂತರು. ಮಂಜ ಕಣ್ಣುಮುಚ್ಚಿ ಮೂರನೇ ತಂತಿ ಮೀಟಿದ.

ಗುಂ!

ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿ ನಡುಗಿತು. ನನ್ನ ಎದೆಯೂ.

"ಏನಪ್ಪಾ, ಬೆರಳು ಚೇಂಜ್ ಮಾಡ್ಸಿದ್ಯಾ?" ಅಂದರು ಮಾಸ್ಟರ್.

"ಇಲ್ಲ ಮಾಸ್ಟ್ರೇ. ಅಕ್ಕನ್ನ ಕರ್ಕಂಡ್ ಬಂದೆ."

ಮಾಸ್ಟರ್ ನನ್ನ ಕಡೆ ತಿರುಗಿ ಕೈಮುಗಿದರು. "ಟೀಚರಮ್ಮ, ಆ ಬಟನ್ ಹಾಕಿದ್ರೆ ಡ್ರಮ್ಮಿನವನು ತಾಳ ತಪ್ತಾನೆ. ಇವನು ಇರ್ಲಿ."

ಇಡೀ ಪ್ರೋಗ್ರಾಮು ಮುಗಿಯುವವರೆಗೂ ನಾನು ಸೆರಗನ್ನು ಕೈಯಲ್ಲೇ ಹಿಡಿದು ಕೂತಿದ್ದೆ. ಪಿನ್ನು ಮಂಜನ ಜೇಬಿನಲ್ಲಿತ್ತು. ವಾಪಸ್ ಕೊಡುವುದಿಲ್ಲವಂತೆ. ಟೆಸ್ಟಿಂಗಿಗೆ ಬೇಕಂತೆ.

ಟೆಂಪೋದಲ್ಲಿ ವಾಪಸ್ ಬರುವಾಗ ಅಮ್ಮ ನನ್ನ ಕಿವಿಯ ಹತ್ತಿರ ಬಾಗಿದಳು. "ಎಲ್ಲಾ ಚೆನ್ನಾಗಿತ್ತು ಕಣೆ. ಆದ್ರೆ ಅದ್ರಲ್ಲಿ ನಮ್ ಮಂಜ ಬಾರ್ಸಿದ್ದು ಯಾವ್ದು?"

ಬೇಸು ಇರುವಷ್ಟು ಹೊತ್ತು ಯಾರಿಗೂ ಕೇಳಿಸುವುದಿಲ್ಲ, ಇಲ್ಲದ ದಿನ ಎಲ್ಲರಿಗೂ ಗೊತ್ತಾಗುತ್ತದೆ. ಮನೆಯಲ್ಲಿ ಎಲ್ಲರಿಗೂ ಬಡಿಸಿ, ಕೊನೆಗೆ ಒಲೆಯ ಪಕ್ಕ ಕೂತು ಉಣ್ಣುವ ನನ್ನ ಅಮ್ಮನಿಗೆ ಇದನ್ನು ನಾನು ಬಿಡಿಸಿ ಹೇಳಬೇಕೇ?

ಅಂದಹಾಗೆ, ನಿಮ್ಮ ಮನೆಯಲ್ಲಿ ಬೇಸ್ ಬಾರಿಸುವವರು ಯಾರು?