ಗಾಳಿ ಬಡಿದ ಹೂವಿನ ಕಾರ್ಡು

ಪ್ರತಿ ವರ್ಷ ಮಗಳ ಹುಟ್ಟುಹಬ್ಬಕ್ಕೆ ಹೂವಿನ ಕಾರ್ಡನ್ನು ಹೆಂಡತಿಯೇ ಮಾಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಬಂದ ಮೊದಲ ಹುಟ್ಟುಹಬ್ಬಕ್ಕೂ ಅದು ತಪ್ಪಬಾರದೆಂದು, ಅವಳ ರಬ್ಬರ್ ಸ್ಟ್ಯಾಂಪು, ಕಾಗದವನ್ನು ಹೂವಿನಾಕಾರಕ್ಕೆ ಕತ್ತರಿಸುವ ಡೈಗಳ ಡಬ್ಬಿ ತೆರೆದು ಕಿಟಕಿಯ ಬಳಿ ಕೂತೆ. ನಾನು ದುಡಿಯುವ ದಾಂಡೇಲಿಯ ಕಾಗದದ ಗಿರಣಿಯಲ್ಲಿ ಕಾಗದವನ್ನು ಮೊದಲು ಕತ್ತರಿಸುತ್ತೇವೆ, ಅದರ ಮೇಲೆ ಅಚ್ಚು ಬೀಳುವುದು ಆಮೇಲೆ. ಆ ರೂಢಿಯಲ್ಲೇ ಡೈಯಿಂದ ಹೂಗಳನ್ನು ಕತ್ತರಿಸಿಕೊಂಡು, ನಂತರ ಸ್ಟ್ಯಾಂಪು ಒತ್ತಿದೆ. ಬಣ್ಣದ ಗೆರೆಗಳು ಎಸಳುಗಳ ಅಂಚಿಗೆ ಹೊಂದದೆ ಪಕ್ಕಕ್ಕೆ ಜಾರಿದವು. ಬಿಸಿಲಿನಲ್ಲಿ ಅವು ನೀರಿನ ಮೇಲೆ ತೇಲುವಂತೆ ಕಂಡವು; ನೋಡುತ್ತಲೇ ಕೂತುಬಿಟ್ಟೆ.

ಮಗಳು ಬಂದು ನಕ್ಕಳು. "ಅವ್ವ ಮೊದಲ ಸ್ಟ್ಯಾಂಪ್ ಒತ್ತಿ, ಆಮ್ಯಾಲೆ ಕತ್ತರಸ್ತಿದ್ಲಪಾ. ನಿನ್ನ ಹೂವಿಗೆ ಗಾಳಿ ಬಡದೈತಿ."

"ಒಳಗ ಏನ ಬರೀಲಿ?" ಎಂದೆ.

"ಯಾವಾಗ್ಲೂ ಬರಿಯೂದ. ‘ಅವ್ವ, ಅಪ್ಪ’ ಅಂತ."

ಎರಡನ್ನೂ ನಿಧಾನವಾಗಿ ಬರೆದೆ. ಶಾಯಿ ಆರುವವರೆಗೆ ಅವಳು ನನ್ನ ಭುಜಕ್ಕೆ ಒರಗಿ ನಿಂತಿದ್ದಳು.